ಎಡಚನ ಗ್ಲೌಸು

ಹುಡುಗರ ಟಾಯ್ಲೆಟ್ಟಿನ ಕನ್ನಡಿಯ ಪಕ್ಕ
ಆ ನಂಬರಿನ ಪೋಸ್ಟರು ಅಂಟಿಸಿದ್ದರು.
ಒಂಬತ್ತನೇ ಕ್ಲಾಸಿನಲ್ಲಿ ಅದರ ಕೆಳಗೆ
ಕಪ್ಪು ಮಾರ್ಕರಿನಲ್ಲಿ ‘ಚಾಡಿಕೋರರಿಗೆ’ ಎಂದು ಬರೆದವನು
ನಾನೇ.
ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಸಾನ್ ಲೂಯಿಸ್ ಕಣಿವೆ. ಸುತ್ತ ಹಿಮದ ಬೆಟ್ಟ,
ನಡುವೆ ಆಲೂಗಡ್ಡೆ, ಅದರಾಚೆ ಇನ್ನಷ್ಟು ಆಲೂಗಡ್ಡೆ.
ಇಡೀ ಹೈಸ್ಕೂಲಿಗೆ ನೂರಾ ಹನ್ನೆರಡು ಮಂದಿ.
ಇಲ್ಲಿ ಸೀನಿದವನ ಹೆಸರು
ಅವನು ಮೂಗು ಒರೆಸಿಕೊಳ್ಳುವ ಮೊದಲೇ
ಪೆಟ್ರೋಲ್ ಬಂಕು ತಲುಪಿರುತ್ತದೆ.
ಇಂಥ ಊರಲ್ಲಿ ‘ಗುಟ್ಟಾಗಿಡುತ್ತೇವೆ’ ಅಂದರೆ
ಯಾರು ನಂಬಿಯಾರು?

ಮರುವರ್ಷ ಫೆಬ್ರವರಿಯಲ್ಲಿ ಎಲಿಸೆಯೊ
ತನ್ನ ಬೇಸ್‌ಬಾಲ್ ಗ್ಲೌಸು ತಂದುಕೊಟ್ಟ.
ಅವನು ಎಡಚ; ಅದು ಬಲಗೈಗೆ ತೊಡುವ ಗ್ಲೌಸು.
ಬಲಗೈಯಲ್ಲಿ ಎಸೆಯುವ ನನಗೆ
ಅದು ಯಾವ ಜನ್ಮಕ್ಕೂ ಬಾರದು.
“ಇಟ್ಕೊ” ಅಂದ. “ನನಗಿನ್ನು ಬೇಕಾಗಲ್ಲ.”

ಆ ‘ಇನ್ನು’ ಇದೆಯಲ್ಲ,
ಮರಳುಗುಡ್ಡಕ್ಕೆ ಹೋಗಿ ಬಂದ ದಿನ
ಹಲ್ಲಿಗೆ ಸಿಗುವ ಕಣದ ಹಾಗೆ
ಊಟದಲ್ಲಿ, ಪಾಠದಲ್ಲಿ, ಕರಕರ.

ಆಮೇಲೆ ಅವರಪ್ಪನ ಟ್ರಕ್ಕಿನಲ್ಲಿ ಕೂತು
ಉಳಿದದ್ದನ್ನೂ ಹೇಳಿದ.
“ಯಾರಿಗೂ ಬಾಯಿ ಬಿಡಕೂಡದು. ನಿನ್ನಜ್ಜಿ ಆಣೆ.”
ಅಜ್ಜಿ ಕ್ಲೆಯೋಫಾಸ್ ಒಳಗೆ
ಒಣಮೆಣಸು ನೆನೆಹಾಕುತ್ತಿದ್ದಳು,
ತನ್ನ ತಲೆಯ ಮೇಲೆ ಆಣೆ ಬಿದ್ದದ್ದು ತಿಳಿಯದೆ.

ಮೂರು ರಾತ್ರಿ ಕಾಪಾಡಿದೆ.
ಕಾಪಾಡಿದ್ದು ಆಣೆಯನ್ನು, ಅವನನ್ನಲ್ಲ.

ನಾಲ್ಕನೆಯ ರಾತ್ರಿ ಎರಡು ಗಂಟೆಗೆ
ಕಂಬಳಿಯೊಳಗೆ ಫೋನು ಹಿಡಿದು
“ಯಾರಾದರೂ ಇದ್ದೀರಾ?” ಎಂದು ಟೈಪು ಮಾಡಿದೆ.
“ಇದ್ದೇನೆ.”
ಮನುಷ್ಯರೋ ಮಶೀನೋ ಪರೀಕ್ಷಿಸಲು ಕೇಳಿದೆ:
ರಾತ್ರಿ ಊಟಕ್ಕೆ ಏನು?
“ತಣ್ಣಗಾದ ನೂಡಲ್ಸು. ನೀನು ಹೇಗಿದ್ದೀ?”
ನನ್ನ ವಿಷಯವಲ್ಲ, ಎಂದೆ.
ಸ್ವಲ್ಪ ಬಿಟ್ಟು: ನಾನೂ ಅಷ್ಟೇನೂ ಚೆನ್ನಾಗಿಲ್ಲ.
ಅವರು ಅವಸರ ಮಾಡಲಿಲ್ಲ.
ನನ್ನ ಹೆಸರು ಕೇಳಲಿಲ್ಲ.
ಅವನದು ಕೇಳಿದರು.
ಇಂಗ್ಲಿಷಿನಲ್ಲಿ ಆರೇ ಅಕ್ಷರ;
ಒಂದೊಂದೂ ಆಲೂಗಡ್ಡೆ ಮೂಟೆ.
ಗೋಡೆಯಾಚೆ ಅಜ್ಜಿ ಕೆಮ್ಮಿದಳು.
ಆಣೆ ತಟ್ಟಿಯೇಬಿಟ್ಟಿತು ಅಂದುಕೊಂಡೆ.

ಸೈರನ್ನು ಕೂಗಲಿಲ್ಲ. ಕೆಂಪು ನೀಲಿ ದೀಪ ತಿರುಗಲಿಲ್ಲ.
ಬರಿಯ ಒಂದು ಕಾರು, ಹಿಮದ ಮೇಲೆ ಮೆಲ್ಲಗೆ,
ಎರಡು ಬೀದಿಯಾಚೆ ನಿಂತಿತು.
ಎಲಿಸೆಯೊ ಮನೆಯ ಅಡುಗೆಕೋಣೆಯ ದೀಪ ಹತ್ತಿತು.
ಬೆಳಗಿನವರೆಗೂ ಆರಲಿಲ್ಲ.
ನಾನೂ ಕಿಟಕಿ ಬಿಡಲಿಲ್ಲ.

ಹನ್ನೊಂದು ದಿನ ಅವನ ಕುರ್ಚಿ ಖಾಲಿ.
“ಯಾರೋ ಚಾಡಿ ಹೇಳಿದಾರಂತೆ,” ಎಂದರು ಬಸ್ಸಿನಲ್ಲಿ.
“ಅಂತೆ,” ಎಂದೆ ನಾನೂ.
ಕೌನ್ಸೆಲರ್ ಮಿಸ್ ಟಿಲ್ಡೆನ್
ಕಾರಿಡಾರಿನಲ್ಲಿ ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡಿದರು,
ಗೊತ್ತಿಲ್ಲದವರ ಹಾಗಲ್ಲ,
ಗೊತ್ತುಮಾಡಿಕೊಳ್ಳದಿರಲು ಕಲಿತವರ ಹಾಗೆ.

ಮಾರ್ಚಿನಲ್ಲಿ ಕೊಕ್ಕರೆಗಳು ಬಂದವು,
ಕೊಯ್ದ ಬಾರ್ಲಿ ಹೊಲದ ತುಂಬ ಬೂದುಬಣ್ಣ, ಗದ್ದಲ.
ಅವನೂ ಬಂದ. ತೆಳ್ಳಗಾಗಿದ್ದ.
ಮೈದಾನದ ಮೆಟ್ಟಿಲ ಮೇಲೆ ಪಕ್ಕ ಕೂತು
ಬಹಳ ಹೊತ್ತು ಹಕ್ಕಿಗಳಿಗೇ ಮಾತಾಡಲು ಬಿಟ್ಟ.
ಆಮೇಲೆ: “ನನ್ನ ಗ್ಲೌಸೆಲ್ಲಿ?”
“ಮನೇಲಿದೆ.”
“ಎಣ್ಣೆ ಹಚ್ಚಿದ್ಯಾ?”
“ಇಲ್ಲ.”
“ಥೂ, ಚರ್ಮ ಬಿರುಕು ಬಿಟ್ಟಿರತ್ತೆ. ನಾಳೆ ತಗೊಂಡ್ಬಾ.”
ನಾಳೆ, ಎಂದ.

ಹೇಳಿದ್ದು ಯಾರೆಂದು ಅವನು ಕೇಳಿಲ್ಲ,
ಇವತ್ತಿಗೂ.
ಅಜ್ಜಿಗೆ ಏನೂ ಆಗಲಿಲ್ಲ. ಇನ್ನೂ ಆರು ವರ್ಷ ಇದ್ದಳು,
ಕೆಮ್ಮುತ್ತ, ಎಲ್ಲರನ್ನೂ ಬೈಯುತ್ತ.

ಆ ಸಂಜೆ ಪ್ರಾಕ್ಟೀಸು ಮುಗಿದ ಮೇಲೆ
ಟಾಯ್ಲೆಟ್ಟಿಗೆ ಹೋಗಿ, ಕಾಗದ ಒದ್ದೆ ಮಾಡಿ,
ನನ್ನ ಬರಹವನ್ನು ತಿಕ್ಕಿದೆ.
ಅದು ಅಳಿಸಲಿಲ್ಲ; ಕಪ್ಪಗೆ ಹರಡಿ
ಪೋಸ್ಟರಿನ ಅರ್ಧ ಮಸಿಯಾಯಿತು.
ನಂಬರು ಮಾತ್ರ
ಇನ್ನೂ ಓದಲು ಬರುತ್ತಿತ್ತು.